ಕನ್ನಡಕವಿಲ್ಲದ ವಾರ

ಮುಂದಿನ ಕೋಣೆಯ ಕತ್ತರಿಸುವ ಮೇಜಿನಿಂದ,
ಜೂನ್ ಒಂಬತ್ತು, ಭಾನುವಾರ

ಪ್ರೀತಿಯ ಸೂಜಿಕಣ್ಣಿಗೆ,

ಹೇಗಿದ್ದೀಯೆ ಮಗಳೇ? ಸೊಂಟನೋವು ಇಳಿಯಿತೇ? ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಾ ದಿನವಿಡೀ ಕುರ್ಚಿಗೆ ಅಂಟಿಕೊಂಡು ಕೂರಬೇಡ, ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕು. ಅಳಿಯಂದಿರ ಕೆಮ್ಮು ಹೇಗಿದೆ? ನನ್ನ ಮಣಿಕಟ್ಟು ಈಗ ವಾಸಿ, ಕತ್ತರಿ ಹಿಡಿಯುತ್ತೇನೆ. ನಾನು ಕತ್ತರಿಸುವುದು, ನಿನ್ನ ಅತ್ತಿಗೆ ಹೊಲಿಯುವುದು, ನಮ್ಮ ಅಂಗಡಿ ಹೇಗೋ ನಡೆದಿದೆ. ಮೈ ನೆಟ್ಟಗಿದೆ, ಮನಸ್ಸಿಗೆ ಮಾತ್ರ ಹೇಸಿಗೆ ಹಿಡಿದಿದೆ. ಫೋನಿನಲ್ಲಿ ಹೇಳಹೊರಟರೆ ಬಾಯಿಗೆ ಬೈಗುಳವೇ ಬರುತ್ತದೆ, ಅದಕ್ಕೇ ಈ ಕಾಗದ.

ನಿನ್ನ ಅಣ್ಣ, ಅತ್ತಿಗೆ ಬೇರೆಯಾಗುವುದು ನಿನಗೆ ಗೊತ್ತೇ ಇದೆ. ಆಗಲಿ, ಕೂಡಿ ಬಾಳಲಾಗದಿದ್ದರೆ ಬೇರೆ ಬೇರೆಯಾಗಿಯಾದರೂ ಮನುಷ್ಯರಂತೆ ಬಾಳಲಿ ಎಂದುಕೊಂಡಿದ್ದೆ. ಮನುಷ್ಯರಂತೆ! ಮನೆ ಸಾಮಾನಿನ ಪಟ್ಟಿ ಮಾಡಿ ಎಂದು ವಕೀಲರು ಹೇಳಿದ್ದೇ ತಡ, ನಿನ್ನ ಅಣ್ಣ ಕೆಂಪು ಚೀಟಿ ತಂದು ತನಗೆ ಬೇಕಾದದ್ದಕ್ಕೆಲ್ಲ ಅಂಟಿಸಿದ. ಬೀರು, ಫ್ಯಾನು, ಹೊಲಿಗೆಯಂತ್ರ, ಕೊನೆಗೆ ಬಚ್ಚಲಿನ ಬಕೆಟ್ಟಿಗೂ! ಅವನಿಗೆ ಗುಂಡಿ ಹೊಲಿಯುವುದಕ್ಕೂ ಬರುವುದಿಲ್ಲ, ಯಂತ್ರ ಯಾಕಂತೆ? ಅಲ್ಲಿಯವರೆಗೂ ನನಗೆ ನಗುವೇ ಬಂದಿತ್ತು.

ಹೋದ ತಿಂಗಳು ನನ್ನ ಕನ್ನಡಕದ ಕಡ್ಡಿ ಮುರಿಯಿತು. ಎಂದೂ ಇಲ್ಲದ ಮಗ ತಾನೇ ಮುಂದೆ ಬಂದು, ‘ಕೊಡಮ್ಮಾ, ನಾನೇ ರಿಪೇರಿ ಮಾಡಿಸ್ತೀನಿ’ ಎಂದ. ಒಂದು ವಾರ ಕುರುಡಿಯ ಹಾಗೆ ಬೆರಳಲ್ಲಿ ತಡವಿಕೊಂಡು ಬಟ್ಟೆ ಕತ್ತರಿಸಿದೆ. ಕೇಳಿದಾಗಲೆಲ್ಲ ‘ಇನ್ನೂ ಆಗಿಲ್ಲವಂತೆ’. ಆ ವಾರದಲ್ಲೇ ಒಂದು ಬೆಳಿಗ್ಗೆ ಕಾಗದ ತಂದ. ‘ಕರೆಂಟ್ ಮೀಟರ್ ನನ್ನ ಹೆಸರಿಗೆ ಮಾಡಿಸಬೇಕು, ಇಲ್ಲೊಂದು ಸಹಿ ಹಾಕು’ ಎಂದು ನನ್ನ ಬೆರಳು ಹಿಡಿದು ಜಾಗ ತೋರಿಸಿದ. ಬಟ್ಟೆಗೆ ಕತ್ತರಿ ಇಡುವ ಮುಂಚೆ ಮೂರು ಸಲ ಅಳೆಯುವವಳು ನಾನು. ಹೆತ್ತ ಮಗನ ಮಾತನ್ನು ಅಳೆಯಲಿಲ್ಲ, ಹಾಕಿಬಿಟ್ಟೆ.

ಮೊನ್ನೆ ಬುಧವಾರ ಸೊಸೆಯ ವಕೀಲೆ ಆ ಕಾಗದದ ನಕಲು ತಂದು ಓದಿದಳು. ಅದು ಮೀಟರಿನದಲ್ಲ, ಕೋರ್ಟಿಗೆ ಕೊಟ್ಟ ನನ್ನ ಹೇಳಿಕೆ! ‘ನನ್ನ ಸೊಸೆ ಕಳೆದ ಮಾರ್ಚ್‌ನಲ್ಲಿ ಸ್ವಂತ ಇಷ್ಟದಿಂದ ಮನೆ ಬಿಟ್ಟುಹೋದಳು, ಅಂದಿನಿಂದ ಇಲ್ಲಿ ವಾಸವಿಲ್ಲ’ ಎಂದು ನಾನೇ ಹೇಳಿದ್ದೇನಂತೆ. ತಾನಾಗಿ ಹೋದವಳು ಎಂದಾದರೆ ಅವಳನ್ನು ಮನೆಯಿಂದಲೂ ಅಂಗಡಿಯಿಂದಲೂ ಹೊರಗೆ ಹಾಕುವುದು ಸುಲಭವಂತೆ. ಥೂ! ಮಾರ್ಚ್‌ನಲ್ಲಿ ನನ್ನ ಕೈಗೆ ಪ್ಲಾಸ್ಟರ್ ಇತ್ತು. ನನಗೆ ಸ್ನಾನ ಮಾಡಿಸಿ, ಜಡೆ ಹಾಕಿ, ತುತ್ತು ಬಾಯಿಗಿಟ್ಟವಳು ಯಾರು, ಬೀದಿಯ ದೀಪದ ಕಂಬವೇ? ನೇರ ಕನ್ನಡಕದವನ ಹತ್ತಿರ ಹೋದೆ. ‘ಕೊಟ್ಟ ದಿನ ಸಂಜೆಯೇ ರೆಡಿಯಾಗಿತ್ತಮ್ಮಾ, ನಿಮ್ಮ ಮಗನಿಗೆ ಎರಡು ಸಲ ಫೋನ್ ಮಾಡಿದೆ’ ಎಂದ. ಇವನನ್ನು ಎದೆಗೆ ಒತ್ತಿಕೊಂಡು ಬೆಳೆಸಿದೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ಈ ತಿಂಗಳ ಇಪ್ಪತ್ತಕ್ಕೆ ಕೋರ್ಟಿದೆ. ‘ಓದದೆ ಸಹಿ ಹಾಕಿದ್ದು ಅಂತ ಜಡ್ಜ್ ಮುಂದೆ ನೀವೇ ಹೇಳಬೇಕು. ಮಗ ಎದುರಿಗೇ ಇರ್ತಾರೆ’ ಎಂದಳು ವಕೀಲೆ. ‘ಇರಲಿ, ಕನ್ನಡಕ ಹಾಕ್ಕೊಂಡೇ ಬರ್ತೀನಿ’ ಎಂದೆ. ಬಾಯಲ್ಲಿ ಹಾಗೆಂದರೂ ಭಯವಿದೆ ಮಗಳೇ. ನನ್ನ ಮಾತು ನಂಬದಿದ್ದರೆ ಸೊಸೆ ಬೀದಿಪಾಲು, ಅದೂ ನನ್ನ ಸಹಿಯಿಂದ. ಒಂದು ದಿನ ರಜೆ ಹಾಕಿ ಬಾ. ಮಾರ್ಚ್‌ನಲ್ಲಿ ಪ್ರತಿ ಭಾನುವಾರ ನೀನು ಫೋನ್ ಮಾಡಿದಾಗ ಅದನ್ನು ನನ್ನ ಕಿವಿಗೆ ಹಿಡಿದವಳು ಅತ್ತಿಗೆಯೇ ಎಂದು ಹೇಳು, ಅಷ್ಟು ಸಾಕು. ಪುಟ್ಟವಳಿದ್ದಾಗಲೇ ನೆಲಕ್ಕೆ ಬಿದ್ದ ಸೂಜಿಯನ್ನೆಲ್ಲ ಹುಡುಕಿಕೊಡುತ್ತಿದ್ದ ಮಗು ನೀನು, ನಿನ್ನ ಕಣ್ಣಿಗೆ ತಪ್ಪಿದ್ದು ಏನೂ ಇರಲಿಲ್ಲ.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಸುಖವಾಗಿರು.

ನಿನ್ನ ದಾರಿ ಕಾಯುತ್ತಾ,
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಸೊಸೆ ನನ್ನ ಕೈ ಹಿಡಿದಳು. ನನ್ನ ಹೇಳಿಕೆಯ ಹಿಂದೆ ಇನ್ನೊಂದು ಹಾಳೆ ಇತ್ತಂತೆ, ನನಗೆ ನೋವಾದೀತೆಂದು ನಾಲ್ಕು ದಿನದಿಂದ ಬಟ್ಟೆಗಳಡಿ ಬಚ್ಚಿಟ್ಟಿದ್ದಳು. ಈಗ ಓದಿದೆ. ಅದರಲ್ಲೂ ಅದೇ ಮಾರ್ಚ್, ಅದೇ ‘ಸ್ವಂತ ಇಷ್ಟ’. ಕೆಳಗೆ ನಿನ್ನ ಸಹಿ. ಮೇಲೆ ಮನೆಯ ನಂಬರು ತಪ್ಪಾಗಿತ್ತು, ಅದನ್ನು ನೀನು ಕರಡು ತಿದ್ದುವ ಹಾಗೆ ನಿನ್ನ ಕೈಬರಹದಲ್ಲೇ ತಿದ್ದಿದ್ದೀಯೆ. ಅಂದರೆ ಪೂರ್ತಿ ಓದಿದ್ದೀಯೆ. ಈ ಕಾಗದದಲ್ಲಿ ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ಹಾಗೇ ಕಳಿಸುತ್ತಿದ್ದೇನೆ. ಇಪ್ಪತ್ತಕ್ಕೆ ಬರುವುದಾದರೆ ಬಾ, ಆದರೆ ಮೊದಲು ಇದೊಂದು ಹೇಳು: ನನ್ನ ಕನ್ನಡಕ ಅಂಗಡಿಯಲ್ಲಿತ್ತು, ನಿನ್ನ ಕಣ್ಣು ಎಲ್ಲಿತ್ತು?