ಸುಕ್ಕಿಲ್ಲದ ಸೀಟ್ ಕವರು

ಅಂಗಡಿಯಿಂದ,
ತಾರೀಕು ಹದಿನಾಲ್ಕು, ಮಂಗಳವಾರ

ಪ್ರೀತಿಯ ಇವಳೇ,

ಹೇಗಿದ್ದೀಯ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಅತ್ತೆ ಎದ್ದು ಕೂರುತ್ತಾರಾ? ನಾನು ನೆಟ್ಟಗಿದ್ದೇನೆ, ನೆಟ್ಟಗಿರುವುದೇ ಈಗ ಬೇಸರವಾಗಿದೆ. ನಿನ್ನೆ ಕೂತು ಲೆಕ್ಕ ಹಾಕಿದೆ. ಒಂದು ಸಲ ಬ್ರೇಕ್ ಒತ್ತಿದ್ದಕ್ಕೆ ಆದ ಖರ್ಚು: ಅತ್ತೆಯ ಭುಜದ ಮೂಳೆ ಒಂದು, ಮುಂದಿನ ಹಲ್ಲು ಎರಡು, ಕನ್ನಡಕ ಒಂದು, ನೀನು ತವರಿನಲ್ಲಿ ಅವರ ಮಂಚದ ಪಕ್ಕ ಕಳೆದ ದಿನ ಇಪ್ಪತ್ಮೂರು. ಕಾರಿಗೆ ಒಂದು ಗೀರೂ ಇಲ್ಲ. ಮುಂದಿನ ಲಾರಿಗೂ ನಮಗೂ ನಡುವೆ ಗೇಣು ಜಾಗ ಉಳಿದಿತ್ತು. ಬೆಲ್ಟ್ ಹಾಕಿದ್ದ ನನ್ನ ಎದೆಗೆ ಅಡ್ಡಕ್ಕೊಂದು ಕೆಂಪು ಗೆರೆ ಬಿತ್ತು, ಮಾರನೆಯ ದಿನಕ್ಕೆ ಅದೂ ಮಾಸಿತು. ಹಿಂದೆ ಕೂತಿದ್ದ ಅತ್ತೆ ಮಾತ್ರ ನನ್ನ ಸೀಟಿನ ಬೆನ್ನಿಗೆ ಬಂದು ಅಪ್ಪಳಿಸಿದರು.

ಮನೆಯಲ್ಲಿ ಹಾಲು ಮೂರು ಸಲ ಉಕ್ಕಿದೆ. ಒಲೆ ನೋಡಿದರೆ ನೀನು ಬಾಗಿಲಲ್ಲೇ ತಿರುಗಿ ಹೊರಟುಬಿಡುತ್ತೀಯ, ಅಷ್ಟರಲ್ಲಿ ಒರೆಸಿಡುತ್ತೇನೆ. ಅಂಗಡಿಗೆ ಹೊಸ ಕೆಲಸ ಹಿಡಿಯುತ್ತಿಲ್ಲ. ಹಳೆಯ ಗಿರಾಕಿಗಳಿಗೆ ಫೋನ್ ಮಾಡಿ ಕರೆಸುತ್ತಿದ್ದೇನೆ. ನನ್ನ ಸೀಟ್ ಕವರಿನಲ್ಲಿ ಒಂದು ಸುಕ್ಕು ತೋರಿಸಿ ಎಂದು ಮೆರೆಯುತ್ತಿದ್ದೆನಲ್ಲ, ಅದರ ಗುಟ್ಟು ನಿನಗೂ ಹೇಳಿರಲಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಟ್ ಸಿಕ್ಕಿಸುವ ಕೊಂಡಿಗಳನ್ನು ಒಳಗೆ ತುರುಕಿ, ಮೇಲೆ ಬಿಗಿಯಾಗಿ ಕವರು ಎಳೆದು ಹೊಲಿದುಬಿಡುತ್ತಿದ್ದೆ. ಹಿಂದೆ ಕೂತವರು ಯಾರು ಬೆಲ್ಟ್ ಹಾಕುತ್ತಾರೆ ಎಂಬ ಧೈರ್ಯ. ಈಗ ಒಂದೊಂದೇ ಕಾರಿನ ಕವರು ಕೊಯ್ದು ಕೊಂಡಿ ಹೊರಗೆ ತೆಗೆಯುತ್ತಿದ್ದೇನೆ, ಬೆರಳೆಲ್ಲ ಬೊಬ್ಬೆ. ಟ್ಯಾಕ್ಸಿಯ ಗಡ್ಡದವನು, "ಏನಣ್ಣ, ಬಿಟ್ಟಿ ಹರಿದು ಕೊಡೋ ಅಂಗಡಿ ಇದೊಂದೇ ಇರ್ಬೇಕು, ಚಂದ ಕೆಡುತ್ತಲ್ಲ" ಎಂದು ನಕ್ಕ. "ಕೆಡ್ಲಿ ಬಿಡಪ್ಪ, ಕೂತೋರ ಮುಖ ಕೆಡದಿದ್ರೆ ಸಾಕು" ಎಂದೆ. ಆಮೇಲೆ ಅವನು ನಗಲಿಲ್ಲ.

ನಿನ್ನ ಕಾಗದ ಎರಡು ಸಲ ಓದಿದೆ. 'ಬೆಲ್ಟ್ ಹಾಕ್ಕೊಳ್ಳಿ ಅಂತ ನೀವು ಎಷ್ಟು ಹೇಳಿರ್ತೀರೋ ಪಾಪ, ಅಮ್ಮಂದೇ ಹಟ, ದಿನಾ ಬೈತಿದೀನಿ' ಎಂದು ಬರೆದಿದ್ದೀಯ. ಬೈಯಬೇಡ. ಅವರಿಗೆ ನನ್ನ ನಮಸ್ಕಾರ ಹೇಳು. ನೀನೂ ಒಂದು ಗಳಿಗೆ ಕಾಲು ಚಾಚು.

ಇಂತಿ, ನೀನಿಟ್ಟ ಹೆಸರಿನ
ಸೂಜಿಯಪ್ಪ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಆ ದಿನ ಅತ್ತೆ ಬೆಲ್ಟ್ ಎಳೆದು ಹಿಡಿದುಕೊಂಡು, "ಇದನ್ನ ಎಲ್ಲಿ ಸಿಕ್ಕಿಸೋದಪ್ಪ?" ಎಂದು ಎರಡು ಸಲ ಕೇಳಿದರು. ಕೊಂಡಿ ನನ್ನ ಹೊಲಿಗೆಯ ಕೆಳಗಿತ್ತು. "ಹಿಂದೆ ಕೂತೋರಿಗೆ ಅದೆಲ್ಲ ಯಾಕೆ ಅತ್ತೆ, ಆರಾಮಾಗಿರಿ" ಎಂದೆ. ಆಸ್ಪತ್ರೆಯಲ್ಲಿ ಡಾಕ್ಟರು, ಇವರಿಗೆ ಬೆಲ್ಟ್ ಯಾಕೆ ಹಾಕಿಸಲಿಲ್ಲ ಎಂದು ನನ್ನನ್ನು ಕೇಳಿದಾಗ ಅತ್ತೆಯೇ, ಬಾಯಿಗೆ ಬಟ್ಟೆ ಒತ್ತಿಕೊಂಡು, "ಅಳಿಯಂದ್ರು ಹೇಳಿದ್ರು, ನಾನೇ ಬೇಡ ಅಂದೆ" ಎಂದುಬಿಟ್ಟರು. ನಾನು ಸುಮ್ಮನಿದ್ದೆ. ಆ ಸುಳ್ಳಿನಿಂದ ನನಗೆ ಸಿಕ್ಕಿದ್ದು ನಿನ್ನ ಕನಿಕರ. ಅತ್ತೆಗೆ ಸಿಕ್ಕಿದ್ದು ನಿನ್ನ ಬೈಗುಳ. ನಿನಗೆ ಸಿಕ್ಕಿದ್ದು ಈ ಕಾಗದ, ಅದೂ ಇಪ್ಪತ್ಮೂರು ದಿನ ತಡವಾಗಿ.