ಬೆನ್ನಿಗೆ ತಾಗುವ ಬೆರಳು

ಶಿಕ್ಷಣಾಧಿಕಾರಿಗಳಿಗೆ ನಮಸ್ಕಾರ.

ನೀವು ತರಗತಿಗೆ ಬಂದು ಹೆಸರು ಕೇಳಿದಾಗ ನನ್ನ ಮಗಳು ಎದ್ದು ನಿಂತು ಹೇಳಿದಳು. "ಪರವಾಗಿಲ್ವೇ, ಚೆನ್ನಾಗೇ ಮಾತಾಡ್ತಾಳಲ್ಲ!" ಎಂದು ಸಂತೋಷಪಟ್ಟು, ಅವಳಿಗೆಂದೇ ಇದ್ದ ಸಹಾಯಕ ಟೀಚರನ್ನು ತೆಗೆದುಹಾಕಿದಿರಿ. ಆ ಟೀಚರ್ ಹಿಂದೆ ಕೂತು ಅವಳ ಬೆನ್ನಿಗೆ ಬೆರಳು ತಾಗಿಸಿದ್ದು ನಿಮಗೆ ಕಾಣಲಿಲ್ಲ. ಬೆರಳು ತಾಗಿದರೆ ಅವಳಿಗೆ ಮಾತು ಹೊರಡುತ್ತದೆ, ಇಲ್ಲದಿದ್ದರೆ ಇಲ್ಲ.

ನಿಮ್ಮ ಕಚೇರಿಗೆ ಬಂದು ಕೇಳಿದೆ. "ಕಾನೂನಲ್ಲಿ ಹಕ್ಕಿದೆ ಕಣಮ್ಮಾ, ಅನುದಾನ ಇಲ್ಲ. ಇರೋದನ್ನ ಇನ್ನೂ ಕಷ್ಟದಲ್ಲಿರೋ ಮಕ್ಕಳಿಗೆ ಕೊಡ್ಬೇಕು" ಎಂದರು ಗುಮಾಸ್ತರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಅಲ್ಲ. ಆದರೂ ಆ ಮಕ್ಕಳ ಪಾಲಿಗೆ ನಾನು ಕೈ ಹಾಕುವವಳಲ್ಲ.

ಈಗ ಅವಳು ಹಾಜರಿಗೂ ಓಗೊಡುವುದಿಲ್ಲ. ಒರಗಲು ಏನೂ ಇಲ್ಲದ ಬೆಂಚಿನ ಮೇಲೆ ಹಿಂದಕ್ಕೆ ವಾಲಿ ವಾಲಿ ಆ ಬೆರಳಿಗೆ ಕಾಯುತ್ತಾಳೆ. ನಿನ್ನೆ ಹಾಗೇ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಳು, "ನೆಟ್ಟಗೆ ಕೂರೋಕೂ ಬರಲ್ವಾ?" ಎಂದು ಮೇಷ್ಟ್ರಿಂದ ಬೈಸಿಕೊಂಡಳು.

ಸಹಾಯಕ ಟೀಚರ್ ಬೇಕೆಂದು ಇನ್ನು ಕೇಳುವುದಿಲ್ಲ. ಅವಳ ಬೆಂಚನ್ನು ಗೋಡೆಗೆ ಒತ್ತಿ ಹಾಕಿಸಿಕೊಡಿ. ಅದಕ್ಕೆ ಅನುದಾನ ಬೇಕಾಗಲಿಕ್ಕಿಲ್ಲ. ಬೆನ್ನಿಗೆ ಏನಾದರೂ ತಾಗುತ್ತಿರಲಿ.

ಇಂತಿ,
ನಿಮಗೆ ಹೆಸರು ಹೇಳಿದ ಹುಡುಗಿಯ ತಾಯಿ