ನಿಜಗುಣಾವ್ನಾ ಯಾರ ಮಗಳು?

ಹೆಸರುಗಳ ಮೇಲೆ ಅಧಿಕಾರವುಳ್ಳ ಮಾನ್ಯರೇ,

ನನ್ನ ಮೊಮ್ಮಗಳ ಹೆಸರಿನಿಂದ ಅವಳ ತಂದೆಯನ್ನು ತೆಗೆದುಹಾಕಬೇಡಿ. ನನ್ನ ಮಗ ನಿಜಗುಣ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ದಿನಚರಿ ಬಿಟ್ಟರೆ ಬೇರೇನೂ ಬರೆದು ಗೊತ್ತಿಲ್ಲದವಳು, ಹೆದರಿಕೆಯಿಂದ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಇದನ್ನು ಕೊಟ್ಟಿದ್ದೇನೆ. ಬಲ್ಲವರು ನಿಮಗೆ ಓದಿ ಹೇಳಲಿ.

ಸೊಸೆ ಅಲೇಸ್ಯಾ ಬೆಲಾರುಸ್ ದೇಶದವಳು. ಅಲ್ಲಿ ಎಲ್ಲರ ಹೆಸರಿನ ನಡುವೆ ತಂದೆಯ ಹೆಸರಿರುತ್ತದೆ. ಹಾಗಾಗಿ ನಮ್ಮ ಮಗು ಇಂಚರಾ ನಿಜಗುಣಾವ್ನಾ. ಎಂದರೆ ನಿಜಗುಣನ ಮಗಳು. ಮನೆತನದ ಹೆಸರೂ ಅವರಲ್ಲಿ ಗಂಡಿಗೊಂದು ರೂಪ, ಹೆಣ್ಣಿಗೊಂದು ರೂಪ: ಅಲೇಸ್ಯಾಳ ಅಣ್ಣ ಕವಾಲ್ಸ್ಕಿ, ಇವಳು ಕವಾಲ್ಸ್ಕಾಯಾ. ಮಗುವಿಗೆ ನಮ್ಮ ಹೊಸಮನಿ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ನೀವು ಬರೆದಿರಿ: ತಾಯಿಯ ಹೆಸರು ಮಗುವಿನ ಹೆಸರಿಗೆ ಹೊಂದುತ್ತಿಲ್ಲ, ನಡುವಿನ ಹೆಸರು ಯಾರದೂ ಅಲ್ಲ, ತೆಗೆಯಿರಿ, ಇಲ್ಲವೇ ತಂದೆ ಬಂದು ಸಹಿ ಮಾಡಲಿ. ಮರಣ ಪ್ರಮಾಣಪತ್ರ ಕಳುಹಿಸಿದೆವು. ತಂದೆಯೇ ಬರಲಿ ಎಂದು ಮತ್ತೆ ಬರೆದಿರಿ. ಅವನು ಬರುವಂತಿದ್ದರೆ, ಮಾನ್ಯರೇ, ಮೊದಲು ನಿಮ್ಮ ಕಚೇರಿಗೆ ಕಳಿಸುತ್ತಿದ್ದೆನೆ?

ಈಗ ಮಗುವಿನ ಸಂಬಂಧ ಪರಿಶೀಲಿಸಲು ಮನೆಗೇ ಅಧಿಕಾರಿ ಬರುತ್ತಾರಂತೆ. ಅಂದಿನಿಂದ, ಈ ಪರದೇಶದ ಊರು ಮಾಲ್ಟನ್ನಿನ ನಮ್ಮ ಬೇಸ್‌ಮೆಂಟಿನಲ್ಲಿ ಪರದೆ ಸರಿದಿಲ್ಲ. ಅಲೇಸ್ಯಾಳ ಅಣ್ಣನನ್ನು ಅವರ ಊರಿನಲ್ಲಿ ಪೊಲೀಸರು ಹೀಗೇ ಬಾಗಿಲು ತಟ್ಟಿ ಕರೆದೊಯ್ದಿದ್ದರು. ನಿನ್ನೆ ಯಾರೋ ಬಾಗಿಲು ಬಡಿದಾಗ ಇವಳು ಮಗುವನ್ನೆತ್ತಿಕೊಂಡು ಬಾತ್‌ರೂಮು ಸೇರಿ ಚಿಲಕ ಹಾಕಿಕೊಂಡಳು.

"ಅತ್ತೀ, ಓಪನ್ ಮಾಡಬ್ಯಾಡ್ರಿ. ಪಾಪು ಒಯ್ತಾರ."

"ಪಾರ್ಸೆಲ್ಲಿನವ ಅದಾನವಾ. ಅಕ್ಕಿ ತಂದಾನ, ಹೊರಗ ಬಾ."

ಹೊರಗೆ ಬಂದವಳು ಅಂದಳು: "ಹೆಸರು ಕೊಟ್‌ಬಿಡೋಣ, ಅತ್ತೀ. ಪಾಪು ಇರಲಿ."

ಮಗು ಬೇಕೋ, ಮಗುವಿನ ಅಪ್ಪ ಬೇಕೋ ಎಂದು ಒಬ್ಬ ವಿಧವೆಯನ್ನು ಕೇಳುವ ನಿಯಮ ಯಾವ ಪುಸ್ತಕದಲ್ಲಿದೆ?

ನಮ್ಮ ಧಾರವಾಡದ ಕಡೆ ಹುಡುಗಿಯನ್ನು ಕಂಡರೆ ಮೊದಲು ಕೇಳುವುದೇ "ಯಾರ ಮಗಳವಾ ನೀ?" ಎಂದು. ಬೆಲಾರುಸಿನವರು ಕೇಳುವ ಮೊದಲೇ ಹೇಳಿಬಿಡುತ್ತಾರೆ, ಅಷ್ಟೇ. ಹಿರಿಯರನ್ನು ತಂದೆಯ ಹೆಸರು ಸೇರಿಸಿ ಕರೆಯುವುದು ಅಲ್ಲಿ ಮರ್ಯಾದೆ. ಮದುವೆಯಾದ ಹೊಸತರಲ್ಲಿ ಅಲೇಸ್ಯಾ ನನಗೆ, "ರಾಜೇಶ್ವರಿ ಮುರಿಗೆಪ್ಪಾವ್ನಾ, ಚಾ ಕುಡೀತೀರಿ?" ಎಂದಳು. "ಯವ್ವಾ, ಅಜ್ಜನ್ನೂ ಚಾಕ್ಕ ಕರದ್ಲು ನೋಡ!" ಎಂದು ನಿಜಗುಣ ಬಿದ್ದು ಬಿದ್ದು ನಕ್ಕ. ನನಗೆ ಅಳು ಬಂತು. ತೀರಿಹೋದ ಅಪ್ಪನನ್ನು ನನ್ನ ಜೊತೆ ಸೇರಿಸಿ ಯಾರೂ ಕರೆಯದೆ ಎಷ್ಟೋ ಕಾಲವಾಗಿತ್ತು.

ಅಧಿಕಾರಿಯನ್ನು ಕಳುಹಿಸಿ, ಆದರೆ ಬರುವ ದಿನವನ್ನು ಮೊದಲೇ ತಿಳಿಸಿ. ಪರದೆ ಸರಿಸಿ, ಚಹಾ ಇಟ್ಟಿರುತ್ತೇವೆ. ನೀನು ಯಾರ ಮಗಳೆಂದು ಅವರು ಮಗುವನ್ನೇ ಕೇಳಲಿ. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು ಹೋಗಲಿ.

ಇಂತಿ, ಬಾಗಿಲ ಸದ್ದಿಗೆ ಕಿವಿಗೊಟ್ಟು ಕುಳಿತಿರುವ
ರಾಜೇಶ್ವರಿ ಮುರಿಗೆಪ್ಪಾವ್ನಾ,
ನಿಜಗುಣನ ತಾಯಿ